ಬೆಂಪೂರು ಹನ್ನೆರಡನ್ನು ಒಂದು ಸ್ಕ್ರಿಪ್ಟ್‌ನಿಂದ ಗುಂಪು ಮಾಡಲು ಹೊರಟಾಗ

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನಿಂದ ತಂದಿಟ್ಟ ಒಂದು ವೀರಗಲ್ಲು ಇದೆ. ಆನೆ, ಕುದುರೆ, ಕೈಗೆ ಕೈ ಹತ್ತಿದ ಕಾಳಗ, ಎಲ್ಲವನ್ನೂ ಕಲ್ಲಿನ ತುಂಬ ಬಿಡಿಸಿದ್ದಾರೆ. ನೋಡಲು ಬಂದವರು ಸಾಮಾನ್ಯವಾಗಿ ಆ ಚಿತ್ರದ ಮುಂದೆ ನಿಂತು ಒಂದು ಫೋಟೊ ತೆಗೆದುಕೊಂಡು ಮುಂದಕ್ಕೆ ಹೋಗ್ತಾರೆ. ಅಕ್ಷರದ ಕಡೆ ಗಮನ ಹೋಗೋದು ಕಡಿಮೆ. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಓದಿ ಪ್ರಕಟಿಸಿದ ಈ ಶಾಸನ ಗಂಗರ ಎರೆಯಪ್ಪನ ಕಾಲದ್ದು, ಅಂದರೆ ಹತ್ತನೇ ಶತಮಾನದ ಆರಂಭದ್ದು. ವೀರಮಹೇಂದ್ರನ ಮೇಲೆ ಅಯ್ಯಪದೇವನಿಗೆ ನೆರವಾಗಿ ಎರೆಯಪ್ಪ ಕಳಿಸಿದ ಪಡೆಯಲ್ಲಿ ನಾಗತ್ತರ ಹೋಗುತ್ತಾನೆ, ತುಂಬೆಪಾಡಿಯಲ್ಲಿ ಕಾದಿ ಸಾಯುತ್ತಾನೆ. ಅದನ್ನು ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ‘ಬೆಂಪೂರು ಪನ್ನೆರಡು’ ಎಂಬ ಹನ್ನೆರಡು ಊರುಗಳ ಘಟಕವನ್ನು ಕಲ್ನಾಡಾಗಿ ಕೊಡುತ್ತಾನೆ. ಆಮೇಲೆ ಆ ಊರುಗಳ ಹೆಸರು ಸಾಲಾಗಿ ಬರುತ್ತವೆ: ಬೆಂಪೂರು, ತೊವಗೂರು, ನಲ್ಲೂರು, ಇಗ್ಗಲೂರು, ಎಳ್ಕುಂಟೆ, ಕೂಡಲೆ, ಹೀಗೆ.

ನಾನು ಹೊಟ್ಟೆಪಾಡಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲಾಗ್ ಫೈಲ್‌ಗಳ ಜೊತೆ ಹೆಣಗುವವನು. ಲಕ್ಷಾಂತರ ಸಾಲುಗಳಿರುವ ಫೈಲನ್ನು ಯಾವುದೋ ಒಂದು ‘ಕೀ’ ಹಿಡಿದು ಗುಂಪು ಮಾಡೋದು, ಯಾವ ಗುಂಪಿನಲ್ಲಿ ಏನಿದೆ ಅಂತ ನೋಡೋದು, ಇದೇ ನನ್ನ ದಿನದ ಕೆಲಸ. ಆ ಕಣ್ಣಿನಿಂದ ನೋಡಿದ್ರೆ ಬೇಗೂರಿನ ಕಲ್ಲು ಮಾಡಿರೋದೂ ಅದನ್ನೇ. ಬೆಂಪೂರು ಪನ್ನೆರಡು ಅನ್ನೋದು ಕೀ, ಕೆಳಗಿನ ಊರುಗಳು ಅದರೊಳಗೆ ಬೀಳುವ ಸಾಲುಗಳು. ಗಂಗವಾಡಿ 96000ದಿಂದ ಹಿಡಿದು ಹೆಬ್ಬಾಳದ ಕಿತ್ತಯ್ಯನ ಶಾಸನದಲ್ಲಿ ಬರುವ ಪೆರ್ಬೊಳಲ್ನಾಡು 30ರವರೆಗೆ ಆ ಕಾಲದ ಆಡಳಿತವೇ ಹೆಸರು ಮತ್ತು ಸಂಖ್ಯೆಯ ಗುಂಪುಗಳಲ್ಲಿ ನಡೆಯುತ್ತಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಇತಿಹಾಸ 1970ರ ದಶಕದಲ್ಲಿ ಶುರುವಾಯಿತು ಅಂತ ನಮ್ಮಲ್ಲಿ ನಂಬಿಕೆ. ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಕಟ್ಟಿತು. ಈಗ ಕಲ್ಲಿನ ಪಟ್ಟಿಗೆ ವಾಪಸ್ ಬನ್ನಿ: ತೊವಗೂರು. ನಡುವಿನ ‘ವ’ ಜಾರಿದರೆ ತೋಗೂರು. ನನ್ನ ಓದಿಗೆ ಇದು ಅದೇ ಊರು. ಕೂಡಲೆ ಅಂದರೆ ಎಚ್‌ಎಸ್‌ಆರ್ ಲೇಔಟ್ ದಾಟಿದರೆ ಸಿಗುವ ಕೂಡ್ಲು. ಇಗ್ಗಲೂರು ಚಂದಾಪುರದ ಪಕ್ಕ ಅದೇ ಹೆಸರಿನಲ್ಲಿ ಇವತ್ತಿಗೂ ಇದೆ. ನಾನು ದಿನಾ ಬಸ್ಸಿನಲ್ಲಿ ಹೋಗಿಬರುವ ದಾರಿ ಪೂರ್ತಿ ಇರುಗನ ಕಲ್ನಾಡಿನೊಳಗೇ ಇದೆ ಅಂತ ಗೊತ್ತಾದ ದಿನ ಟ್ರಾಫಿಕ್ಕಿನಲ್ಲಿ ಕೂತಿರೋದು ಸ್ವಲ್ಪ ಹಗುರ ಅನ್ನಿಸಿತು.

ಹಾಗಾದರೆ ಬೆಂಪೂರು ಹನ್ನೆರಡರ ಊರುಗಳಲ್ಲಿ ಸಿಕ್ಕಿರುವ ಶಾಸನಗಳನ್ನೆಲ್ಲ ಒಂದೇ ಕಡೆ ನೋಡಬೇಕು ಅಂದ್ರೆ? ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅದು ಒಂದೇ ಕಡೆ ಸಿಗಲ್ಲ. ಬಿ. ಎಲ್. ರೈಸ್ ಅವರು ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಹಾಕಿದರು. ಬೆಂಗಳೂರು ಜಿಲ್ಲೆಯದು 1905ರಲ್ಲಿ ಬಂದ ಒಂಬತ್ತನೇ ಸಂಪುಟ. ಅವರು ಆರಿಸಿಕೊಂಡ ಕೀ ತಾಲೂಕು. ಬೆಂಗಳೂರು, ನೆಲಮಂಗಲ, ಹೊಸಕೋಟೆ, ಆನೇಕಲ್ ಎಂದು ಭಾಗ ಮಾಡಿ, ಒಂದೊಂದು ತಾಲೂಕಿನೊಳಗೆ 1ರಿಂದ ಸಂಖ್ಯೆ ಕೊಟ್ಟರು. ಹುಡುಕಲು ಹೋಗುವವನಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ, ಆ ಕಾಲದ ಕಂದಾಯ ವ್ಯವಸ್ಥೆಯೂ ಹಾಗೇ ಇತ್ತು. ಆದರೆ ತಾಲೂಕಿನ ಗಡಿ ಗಂಗರ ಕಾಲದ್ದಲ್ಲ. ಬೇಗೂರು, ದೊಡ್ಡತೋಗೂರು ಇವತ್ತು ಬೆಂಗಳೂರು ದಕ್ಷಿಣ ತಾಲೂಕು. ಕೂಡ್ಲು, ಇಗ್ಗಲೂರು ಆನೇಕಲ್ ತಾಲೂಕು. ಬೆಂಪೂರು ಹನ್ನೆರಡರ ನಟ್ಟನಡುವೆ ಗೆರೆ ಬಿದ್ದಿದೆ. ತಾಲೂಕಿನ ಕೀ ಹಿಡಿದು ಓದುತ್ತಾ ಹೋದವನಿಗೆ ಇವು ಒಂದು ಕಾಲದಲ್ಲಿ ಒಂದೇ ಕೈಯಲ್ಲಿದ್ದ ಊರುಗಳು ಅನ್ನೋದು ಕಾಣೋದೇ ಇಲ್ಲ.

ರೈಸ್ ಅವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಸಂಪುಟದ ಆರಂಭದಲ್ಲಿ ಅವರು ಅದೇ ಶಾಸನಗಳನ್ನು ಕಾಲಾನುಕ್ರಮದಲ್ಲಿ ಇನ್ನೊಂದು ಪಟ್ಟಿ ಮಾಡಿ ಕೊಡುತ್ತಾರೆ, ಪೀಠಿಕೆಯಲ್ಲಿ ರಾಜವಂಶಗಳ ಪ್ರಕಾರ ಮತ್ತೊಂದು ಸಲ ಜೋಡಿಸುತ್ತಾರೆ. ಒಂದೇ ಸಾಲುಗಳನ್ನು ಮೂರು ಕೀಗಳಿಂದ ಮೂರು ಸಲ ಗುಂಪು ಮಾಡಿದ ಹಾಗಾಯಿತು. ಅದೂ ಚೀಟಿ, ಮಸಿ, ಗುಮಾಸ್ತರ ಕಾಲದಲ್ಲಿ. ಪ್ರತಿ ಹೊಸ ಕೀಗೆ ಎಷ್ಟು ತಿಂಗಳ ದುಡಿಮೆ ಬಿದ್ದಿರಬಹುದು ಅಂತ ಯೋಚಿಸಿದರೆ ನಮ್ಮ ಐದು ಸಾಲಿನ ಸ್ಕ್ರಿಪ್ಟ್ ಬಗ್ಗೆ ಜಂಬ ಪಡಲು ಮನಸ್ಸು ಬರಲ್ಲ.

ಆ ಐದು ಸಾಲು ಏನು ಮಾಡುತ್ತೆ ಅಂತ ಹೇಳಿಬಿಡ್ತೀನಿ. ಪ್ರತಿ ಶಾಸನಕ್ಕೆ ಒಂದು ಸಾಲು ಇರುವ ಸಾದಾ ಪಠ್ಯದ ಫೈಲ್ ಬೇಕು. ಎಕ್ಸೆಲ್ ಬೇಕಾಗಿಲ್ಲ. ನನ್ನ ಫೈಲಿನ ನಾಲ್ಕು ಸಾಲು ಹೀಗಿವೆ. ಕ್ರಮವಾಗಿ ಕಲ್ಲು ಸಿಕ್ಕ ಊರು, ಈಗಿರುವ ಜಾಗ, ಶಾಸನದೊಳಗಿನ ನಾಡು, ಭಾಷೆ:

ಬೇಗೂರು | ಸರ್ಕಾರಿ ಮ್ಯೂಸಿಯಂ | ಬೆಂಪೂರು 12 | ಕನ್ನಡ
ಬೇಗೂರು | ನಾಗೇಶ್ವರ ದೇವಸ್ಥಾನ | (ಖಾಲಿ) | ಕನ್ನಡ
ಕಾಡುಗೋಡಿ | ಕಾಶಿ ವಿಶ್ವೇಶ್ವರ ದೇವಸ್ಥಾನ | ಸಣ್ಣೆನಾಡು | ತಮಿಳು
ಹೆಬ್ಬಾಳ | ಹೆಬ್ಬಾಳ | ಪೆರ್ಬೊಳಲ್ನಾಡು 30 | ಕನ್ನಡ

ಸ್ಕ್ರಿಪ್ಟ್ ಒಂದೊಂದೇ ಸಾಲು ಓದುತ್ತೆ, ಗೆರೆ ಇರುವ ಕಡೆ ಒಡೆಯುತ್ತೆ, ನಾವು ಹೇಳಿದ ಕಾಲಮನ್ನು ಕೀ ಅಂತ ಹಿಡಿಯುತ್ತೆ. ಆ ಕೀ ಹೆಸರಿನ ಡಬ್ಬಿ ಮೊದಲೇ ಇದ್ದರೆ ಸಾಲನ್ನು ಅದರೊಳಗೆ ಹಾಕುತ್ತೆ, ಇಲ್ಲದಿದ್ದರೆ ಹೊಸ ಡಬ್ಬಿ ಮಾಡುತ್ತೆ. ಫೈಲ್ ಮುಗಿದ ಮೇಲೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಬರೆಯುತ್ತೆ. ಅಷ್ಟೇ. ಇದಕ್ಕೆ ನಾನು ಬಳಸೋದು ಆಕ್ ಅನ್ನುವ ಹಳೇ ಸಾಧನ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು ಬರೆದದ್ದು, ಹೆಸರೂ ಅವರ ಇನಿಷಿಯಲ್‌ಗಳಿಂದಲೇ ಬಂದದ್ದು. ಪೈಥಾನ್ ಬಲ್ಲವರು ಡಿಕ್ಷನರಿಯಲ್ಲಿ ಮಾಡಬಹುದು. ಪೈಥಾನ್‌ನ ‘ಗ್ರೂಪ್‌ಬೈ’ ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಅದು ಅಕ್ಕಪಕ್ಕದಲ್ಲಿರುವ ಒಂದೇ ಕೀ ಸಾಲುಗಳನ್ನಷ್ಟೇ ಸೇರಿಸುತ್ತೆ. ಮೊದಲು ಸಾರ್ಟ್ ಮಾಡದೇ ಹೋದರೆ ಬೇಗೂರು ಮೂರು ಕಡೆ ಮೂರು ಗುಂಪಾಗಿ ಬರುತ್ತೆ, ನೀವು ಮೂರು ಬೇಗೂರು ಇವೆ ಅಂದ್ಕೊಳ್ತೀರಿ. ಇನ್ನೊಂದು, ಒಡೆಯುವ ಗುರುತು. ಆಕ್‌ಗೆ ಏನೂ ಹೇಳದಿದ್ದರೆ ಅದು ಖಾಲಿ ಜಾಗ ಕಂಡಲ್ಲೆಲ್ಲ ಒಡೆಯುತ್ತೆ. ನಮ್ಮ ಫೈಲಿನಲ್ಲಿ ಯಾರೋ ‘ದೊಡ್ಡ ನೆಕ್ಕುಂದಿ’, ‘ದೊಡ್ಡ ಕನ್ನಲ್ಲಿ’ ಅಂತ ಬಿಡಿಸಿ ಬರೆದಿದ್ದರು. ಮೊದಲ ಸಲ ಓಡಿಸಿದಾಗ ‘ದೊಡ್ಡ’ ಎಂಬ ಹೊಸ ಊರೊಂದು ಹುಟ್ಟಿ ಅರ್ಧ ವೈಟ್‌ಫೀಲ್ಡ್ ಅದರೊಳಗೆ ಸೇರಿಕೊಂಡಿತ್ತು.

ಇವೆಲ್ಲ ಹತ್ತು ನಿಮಿಷದಲ್ಲಿ ಸರಿ ಹೋಗುವ ತಪ್ಪು. ಕಷ್ಟ ಇರೋದು ಯಾವ ಕಾಲಂ ಕೀ ಆಗಬೇಕು ಅನ್ನೋದರಲ್ಲಿ.

ಎರಡನೇ ಕಾಲಂ, ಅಂದರೆ ಈಗಿರುವ ಜಾಗ, ಹಿಡಿದು ಗುಂಪು ಮಾಡಿ ನೋಡಿ. ಫೈಲಿಗೆ ರಾಜ್ಯದ ಬೇರೆ ಕಡೆಯ ಕಲ್ಲುಗಳನ್ನೂ ಸೇರಿಸಿದ್ದರೆ ಮಂಡ್ಯದ ಆತಕೂರು, ನಮ್ಮ ಬೇಗೂರು ಎರಡೂ ‘ಸರ್ಕಾರಿ ಮ್ಯೂಸಿಯಂ’ ಎಂಬ ಒಂದೇ ಊರಿನ ಅಕ್ಕಪಕ್ಕದ ಮನೆಯವರಾಗುತ್ತವೆ. ಕಲ್ಲುಗಳ ರಕ್ಷಣೆ ಯಾರ ಹೊಣೆ ಅಂತ ನೋಡಲು ಈ ಗುಂಪು ಬೇಕು. ಇತಿಹಾಸ ಹೇಳಲು ಇದು ಬಾರದು. ಸಿಕ್ಕ ಊರು ಕೀ ಆದರೆ ಕಾಡುಗೋಡಿಯ ಶಾಸನ ಕಾಡುಗೋಡಿಯದು ಆಗುತ್ತೆ. ಆದರೆ 1043ರ, ರಾಜೇಂದ್ರ ಚೋಳನ ಕಾಲದ ಆ ತಮಿಳು ಶಾಸನ ಮಾತಾಡೋದು ಪಟ್ಟಂದೂರಿನ ಕೆರೆ ಬಗ್ಗೆ. ಸಣ್ಣೆನಾಡಿನ ಮುಖ್ಯಸ್ಥ ರಾಜರಾಜ ವೇಳನ್ ಆ ಕೆರೆ ಕಟ್ಟಿಸಿ ತೂಬು ಇಡಿಸಿದ ಸುದ್ದಿ ಅದು. ಐಟಿಪಿಎಲ್‌ನಲ್ಲಿ ಕೆಲಸ ಮಾಡುವವರು ಪಟ್ಟಂದೂರು ಅಗ್ರಹಾರ ಅನ್ನೋ ಹೆಸರನ್ನು ಆಟೋದವರ ಬಾಯಲ್ಲಿ ದಿನಾ ಕೇಳ್ತಾರೆ. ಕಲ್ಲು ಇರೋ ಊರು ಒಂದು, ಕಲ್ಲು ಹೇಳೋ ಊರು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾಲಂ ಬೇಕು. ‘ವೈಟ್‌ಫೀಲ್ಡ್’ ಅಂತ ಕೀ ಕೊಟ್ಟರಂತೂ ಡಬ್ಬಿ ಖಾಲಿ. 1882ರಲ್ಲಿ ಡಿ. ಎಸ್. ವೈಟ್ ಅವರ ಸಂಘ ಚಾಮರಾಜ ಒಡೆಯರಿಂದ ಜಮೀನು ಪಡೆದು ಮಾಡಿದ ವಸತಿಯ ಹೆಸರು ಯಾವ ಚೋಳನ ಕಲ್ಲಿನಲ್ಲಿ ಬರಬೇಕು?

ನಾಡು ಕೀ ಆದಾಗ ಚೆಲುವಾದ ಗುಂಪುಗಳು ಬರುತ್ತವೆ, ನನಗೆ ಬೇಕಾದದ್ದೂ ಅದೇ. ಆದರೆ ಖಾಲಿ ಕಾಲಮಿನ ಮೇಲೆ ಕಣ್ಣಿರಬೇಕು. ಬೇಗೂರಿನ ದೇವಸ್ಥಾನದಲ್ಲಿರುವ, ಬೆಂಗಳೂರಿನ ಕಾಳೆಗವನ್ನು ಹೆಸರಿಸುವ ಆ ಪ್ರಸಿದ್ಧ ಶಾಸನಕ್ಕೆ ನನ್ನ ಫೈಲಿನಲ್ಲಿ ನಾಡಿನ ಕಾಲಂ ಖಾಲಿ. ಸ್ಕ್ರಿಪ್ಟ್‌ಗೆ ಖಾಲಿಯೂ ಒಂದು ಕೀಯೇ. ನಾಡು ಬರೆಯದ ಶಾಸನಗಳೆಲ್ಲ ಒಂದೇ ಹೆಸರಿಲ್ಲದ ನಾಡಿನ ಪ್ರಜೆಗಳಾಗಿ ಒಟ್ಟಿಗೆ ಬಂದು ಕೂರುತ್ತವೆ, ಮತ್ತು ಆ ಡಬ್ಬಿಯೇ ಎಲ್ಲಕ್ಕಿಂತ ದೊಡ್ಡದಾಗಿರುತ್ತೆ.

ಹೆಸರಿನ ಬರವಣಿಗೆಯೂ ಇದೆ. ದೊಮ್ಮಲೂರು ಶಾಸನಗಳಲ್ಲಿ ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಅನ್ನೋದು ಅದರದೇ ಇನ್ನೊಂದು ಹೆಸರು. ಯಲಹಂಕ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕ. ಹೀಗಾಗಿ ಸ್ಕ್ರಿಪ್ಟ್‌ಗೆ ಮುಂಚೆ ಮನುಷ್ಯ ಕೂತು ‘ಒಪ್ಪಿದ ಹೆಸರು’ ಎಂಬ ಬೇರೆ ಕಾಲಂ ತುಂಬಬೇಕು. ಕೀ ಆಗೋದು ಅದು. ಶಾಸನದಲ್ಲಿ ಇರುವ ರೂಪವನ್ನು ಮಾತ್ರ ಮುಟ್ಟಬಾರದು. ತೊವಗೂರು ಅಂತ ಇರುವ ಕಡೆ ತೋಗೂರು ಅಂತ ತಿದ್ದಿಬಿಟ್ಟರೆ ನನ್ನ ಊಹೆ ಸಾಕ್ಷಿಯ ಜಾಗದಲ್ಲಿ ಹೋಗಿ ಕೂರುತ್ತೆ, ನಾಳೆ ಯಾರಾದರೂ ನಾನು ತಪ್ಪು ಅಂತ ತೋರಿಸಬೇಕೆಂದರೆ ಅವರ ಕೈಯಲ್ಲಿ ಏನೂ ಉಳಿಯಲ್ಲ.

ಇದಕ್ಕಿಂತ ಹಿಂಸೆ ಕೊಟ್ಟದ್ದು ಕಣ್ಣಿಗೆ ಕಾಣದ ವ್ಯತ್ಯಾಸ. ಒಂದು ಸಲ ಎರಡು ಫೈಲ್ ಹೋಲಿಸಿದೆ. ಒಂದು ರೈಸ್ ಸಂಪುಟದಿಂದ ನಾನೇ ಟೈಪ್ ಮಾಡಿದ್ದು, ಇನ್ನೊಂದು ಗೆಳೆಯರು ಊರೂರು ಅಲೆದು ಫೋನಿನಲ್ಲಿ ಬರೆದುಕೊಂಡದ್ದು. ಮೊದಲ ಫೈಲಿನಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಊರುಗಳನ್ನು ‘ಕಲ್ಲು ಕಾಣೆ’ ಅಂತ ಪಟ್ಟಿ ಮಾಡು ಅಂದೆ. ಪಟ್ಟಿಯಲ್ಲಿ ಕಾಡುಗೋಡಿ ಬಂತು. ಎದೆ ಧಸಕ್ಕೆಂದಿತು. ಯಾಕಂದ್ರೆ ಆ ಕಡೆ ಜೆಸಿಬಿ ಓಡಾಡದ ದಿನವೇ ಇಲ್ಲ. ಗೆಳೆಯನಿಗೆ ಫೋನ್ ಮಾಡಿದರೆ, “ಲೋ, ಹೋದ ಭಾನುವಾರ ಅಲ್ಲೇ ನಿಂತು ನಿಂಗೇ ಫೋಟೊ ಕಳಿಸಿದ್ನಲ್ಲೋ” ಅಂದ. ಫೈಲಿನಲ್ಲೂ ಇತ್ತು. ಸ್ಕ್ರೀನಿನಲ್ಲಿ ಎರಡೂ ಕಾಡುಗೋಡಿ ಒಂದೇ ಥರ ಕಾಣುತ್ತಿದ್ದವು. ಒಳಗೆ ಬೇರೆ. ಯುನಿಕೋಡ್‌ನಲ್ಲಿ ‘ಗೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಇಡಬಹುದು. ಬೇಗೂರಿನ ‘ಬೇ’ಗೂ ಇದೇ ಗತಿ, ಅಲ್ಲಿ ಎರಡು ತುಂಡು. ಮನುಷ್ಯನಿಗೆ ಒಂದೇ ಊರು, ಸ್ಕ್ರಿಪ್ಟ್‌ಗೆ ಎರಡು. ಓದುವ ಮೊದಲೇ ಪ್ರತಿ ಸಾಲನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರೋದು ಇದಕ್ಕೆ ಮದ್ದು; ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ‘ವೈಟ್‌ಫೀಲ್ಡ್’ ಥರದ ಪದಗಳ ನಡುವೆ ಬಚ್ಚಿಟ್ಟುಕೊಳ್ಳುವ ಅದೃಶ್ಯ ಚಿಹ್ನೆ ಅದಕ್ಕೂ ಬಗ್ಗಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಪದದ ಕೊನೆಯ ಖಾಲಿ ಜಾಗವನ್ನೂ ಅಷ್ಟೆ.

ಇರುವ ಕಲ್ಲನ್ನು ಕಾಣೆ ಅಂದರೆ ಒಂದು ಭಾನುವಾರ ಹಾಳು, ಅಷ್ಟೇ. ನನಗೆ ನಿದ್ದೆ ಕೆಡಿಸಿದ್ದು ಇದರ ಉಲ್ಟಾ. ಬೇರೆ ಬೇರೆ ಎರಡು ಊರುಗಳು ಒಂದೇ ಕೀಯಲ್ಲಿ ಬಿದ್ದರೆ, ಒಂದು ಊರಿನ ಕಲ್ಲು ಕಂಡಿದ್ದಕ್ಕೆ ಎರಡೂ ‘ಸಿಕ್ಕಿದೆ’ ಅಂತ ಟಿಕ್ ಆಗುತ್ತವೆ. ನಲ್ಲೂರು ಎಷ್ಟಿವೆ ಹೇಳಿ? ದೇವನಹಳ್ಳಿ ಕಡೆ ಹುಣಸೆ ತೋಪಿನ ನಲ್ಲೂರು ಇದೆ, ವೈಟ್‌ಫೀಲ್ಡ್‌ನಲ್ಲಿ ನಲ್ಲೂರಹಳ್ಳಿಯನ್ನು ಅವಸರದಲ್ಲಿ ನಲ್ಲೂರು ಅಂತ ಬರೆದುಕೊಂಡು ಬಂದವರೂ ಇದ್ದಾರೆ. ಟಿಕ್ ಬಿದ್ದ ಕಲ್ಲನ್ನು ಯಾರೂ ಹುಡುಕಿಕೊಂಡು ಹೋಗಲ್ಲ. ಲೇಔಟ್ ಮಾಡುವಾಗ ಪಾಯದಡಿ ಸೇರಿಹೋದರೂ ನಮ್ಮ ಪಟ್ಟಿಯಲ್ಲಿ ಅದು ಕ್ಷೇಮವಾಗಿಯೇ ಇರುತ್ತೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವ ಈ ಹೊತ್ತಿನಲ್ಲಿ ಮೊದಲು ಎಲ್ಲಿಗೆ ಓಡಬೇಕು ಅನ್ನೋದು ಪಟ್ಟಿಯಿಂದಲೇ ನಿರ್ಧಾರ ಆಗೋದು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯನ ಕಲ್ಲು ಮೇಲೆ ಬಂತು, ಸುಮಾರು ಕ್ರಿ.ಶ. 750ರದ್ದು. ಅದನ್ನು ಗುರುತಿಸುವ ಕಣ್ಣುಗಳು ಅವತ್ತು ಹತ್ತಿರದಲ್ಲಿದ್ದವು. ಎಲ್ಲ ಕಲ್ಲಿಗೂ ಆ ಅದೃಷ್ಟ ಇರಲ್ಲ.

ವಿಚಿತ್ರ ಅಂದ್ರೆ ಈ ನಲ್ಲೂರು ಸಮಸ್ಯೆ ಬೇಗೂರಿನ ಕಲ್ಲು ಬರೆಸಿದವನಿಗೂ ಎದುರಾಗಿತ್ತು. ಬೆಂಪೂರು ಹನ್ನೆರಡರ ಪಟ್ಟಿಯಲ್ಲಿ ನಲ್ಲೂರು ಎರಡು ಸಲ ಬರುತ್ತೆ, ಒಂದರ ಹಿಂದೆ ‘ಕೂತನಿಡು’ ಅಂತ ಸೇರಿಸಿದ್ದಾರೆ: ಕೂತನಿಡು ನಲ್ಲೂರು, ನಲ್ಲೂರು. ಒಂದೇ ಹೆಸರಿನ ಎರಡು ಊರು ಬೆರೆತು ಹೋಗಬಾರದು ಅಂತ ಗುರುತು ಅಂಟಿಸಿದ್ದು. ಕೀ ವಿಶಿಷ್ಟವಾಗಿರಬೇಕು ಅಂತ ನಮಗೆ ಟ್ರೈನಿಂಗ್‌ನಲ್ಲಿ ಎರಡು ದಿನ ಕೊರೆದಿದ್ದರು. ಈತ ಕಲ್ಲಿನಲ್ಲೇ ಕೊರೆದಿಟ್ಟಿದ್ದಾನೆ. ಈಗ ನನ್ನ ಫೈಲಿನಲ್ಲೂ ಊರಿನ ಹೆಸರೊಂದೇ ಕೀ ಅಲ್ಲ. ತಾಲೂಕು, ಹೋಬಳಿ, ಊರು ಮೂರನ್ನೂ ಜೋಡಿಸಿದ್ದು ಕೀ. ರೈಸ್ ಅವರ ತಾಲೂಕನ್ನು ಮುಂಬಾಗಿಲಿಂದ ಕಳಿಸಿ ಹಿತ್ತಿಲಿಂದ ಕರೆಸಿಕೊಂಡ ಹಾಗಾಯ್ತು, ಇರಲಿ.

ಕೊನೆಗೆ ಆಸೆಗೆ ಬಿದ್ದು ವ್ಯಕ್ತಿಯ ಹೆಸರಿನಿಂದಲೂ ಗುಂಪು ಮಾಡಿದೆ. ನಾಗತ್ತರನ ಡಬ್ಬಿಯಲ್ಲಿ ಮ್ಯೂಸಿಯಂನ ಕಲ್ಲು, ಬೇಗೂರಿನ ದೇವಸ್ಥಾನದ ಬೆಂಗಳೂರು ಕಾಳೆಗದ ಕಲ್ಲು ಎರಡೂ ಬಂದವು. ಖುಷಿಯಾಗಿ ನಾಗತ್ತರನ ಜೀವನಚರಿತ್ರೆ ಬರೆಯೋಣ ಅಂತ ಕೂತವನು ಕಲ್ಲಿನ ಪಾಠವನ್ನು ಇನ್ನೊಮ್ಮೆ ಓದಿ ನಿಲ್ಲಿಸಿದೆ. ಎರೆಯಪ್ಪ ಇರುಗನಿಗೆ ಕಟ್ಟಿದ್ದು ನಾಗತ್ತರ ಪಟ್ಟ. ಅಂದ ಮೇಲೆ ನಾಗತ್ತರ ಅನ್ನೋದು ಒಬ್ಬನಿಂದ ಇನ್ನೊಬ್ಬನಿಗೆ ಹೋಗುವ ಬಿರುದೂ ಹೌದು. ಎರಡು ಕಲ್ಲಿನ ನಾಗತ್ತರ ಒಬ್ಬನೇ ಅಂತ ಹೇಳಲು ಹೆಸರು ಸಾಲದು. ಲಿಪಿ, ಕಾಲ, ಜೊತೆಗೆ ಬರುವ ರಾಜನ ಹೆಸರು ಎಲ್ಲ ನೋಡಬೇಕು. ಆ ರಾಜರ ಹೆಸರೂ ಹಾಗೇ. ಗಂಗರಲ್ಲಿ ಸತ್ಯವಾಕ್ಯ, ನೀತಿಮಾರ್ಗ ಎಂಬವು ಒಬ್ಬರಾದ ಮೇಲೆ ಒಬ್ಬರು ಬದಲಾಗಿ ಧರಿಸಿದ ಬಿರುದುಗಳು, ಪೆರ್ಮಾನಡಿ ಅಂತೂ ಎಲ್ಲರೂ. ತೇದಿ ಇಲ್ಲದ ಶಾಸನಗಳನ್ನು ‘ಸತ್ಯವಾಕ್ಯ’ ಅಂತ ಗುಂಪು ಮಾಡಿದರೆ ತಾತನೂ ಮೊಮ್ಮಗನೂ ಒಂದೇ ಸಿಂಹಾಸನದ ಮೇಲೆ ಕೂತಿರ್ತಾರೆ. ಸಂವತ್ಸರದ ಹೆಸರೂ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಶಕವರ್ಷ ಇಲ್ಲದಿದ್ದರೆ ಅದೂ ಕೀ ಆಗಲಾರದು.

ಹಾಗಾಗಿ ನನ್ನ ಫೈಲಿನಲ್ಲಿ ಈಗ ಕೀ ಆಗಬಲ್ಲ ಪ್ರತಿ ಕಾಲಮಿನ ಪಕ್ಕ ಇನ್ನೊಂದು ಪುಟ್ಟ ಕಾಲಂ ಇದೆ: ‘ಕಲ್ಲಿನಲ್ಲಿದೆ’ ಅಥವಾ ‘ನಮ್ಮ ಊಹೆ’. ತೊವಗೂರಿನ ಮುಂದೆ ತೋಗೂರು, ಊಹೆ. ಕೂಡಲೆಯ ಮುಂದೆ ಕೂಡ್ಲು, ಊಹೆ. ಎಳ್ಕುಂಟೆಯ ಮುಂದೆ ಮಂಗಮ್ಮನಪಾಳ್ಯದ ಹತ್ತಿರದ ಎಳುಕುಂಟೆ, ಊಹೆ. ಇಗ್ಗಲೂರಿಗೂ, ಹೆಸರು ಅಕ್ಷರಶಃ ಒಂದೇ ಆದರೂ, ಊಹೆ ಅಂತಲೇ ಬರೆದಿದ್ದೇನೆ. ಪೂವಿನಪುಲ್ಲಿಮಂಗಲ, ಗಳಂಜವಾಗಿಲು, ಪರವೂರು ಇವುಗಳ ಮುಂದೆ ಜಾಗ ಬಿಟ್ಟಿದೆ.

ಬೇಗೂರು, ಸರ್ಜಾಪುರ, ಅತ್ತಿಬೆಲೆ ಹೋಬಳಿಗಳ ಕಡೆಯವರು ನೀವಾಗಿದ್ದರೆ, ನಿಮ್ಮ ಅಜ್ಜ ಅಜ್ಜಿ ಹೊಲಕ್ಕೆ, ಕುಂಟೆಗೆ, ತೋಪಿಗೆ ಹೇಳುತ್ತಿದ್ದ ಹೆಸರುಗಳನ್ನು ಬರೆದು ಕಳಿಸಿ. ಪಹಣಿಯಲ್ಲಿ ಹಾಗಿಲ್ಲ ಅಂತ ತಿದ್ದಲು ಹೋಗಬೇಡಿ, ಬಾಯಲ್ಲಿ ಬಂದ ಹಾಗೇ ಇರಲಿ. ತಿದ್ದೋ ಕೆಲಸಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಇಟ್ಟಿದ್ದೇನೆ.